ಎದುರಿಸುವ ಹಕ್ಕು, ಕ್ಷಮಿಸುವ ಹಿರಿಮೆ

ಅನ್ಯಾಯಕ್ಕೊಳಗಾದವನು ಎದುರು ನಿಲ್ಲಬೇಕೇ, ಕ್ಷಮಿಸಿಬಿಡಬೇಕೇ? ಪವಿತ್ರ ಕುರ್‌ಆನ್‌ನಲ್ಲಿ ಎರಡಕ್ಕೂ ಆಧಾರವಿದೆ. ವಚನಗಳನ್ನು ಅವು ಅವತೀರ್ಣವಾದ ಸಂದರ್ಭದೊಂದಿಗೆ ಓದಿದರೆ ಗೊಂದಲ ತಿಳಿಯಾಗುತ್ತದೆ.

ಪ್ರವಾದಿ ಮುಹಮ್ಮದ್(ಸ) ಮತ್ತು ಅವರ ಅನುಯಾಯಿಗಳು ಮಕ್ಕಾದಲ್ಲಿ 13 ವರ್ಷ ಹಿಂಸೆ, ಬಹಿಷ್ಕಾರಗಳನ್ನು ಸಹಿಸಿದರು. ಪ್ರತಿಯಾಗಿ ಕೈಯೆತ್ತುವ ಅನುಮತಿ ಅವರಿಗಿರಲಿಲ್ಲ. ಊರಿನಿಂದಲೇ ಹೊರದಬ್ಬಲ್ಪಟ್ಟ ಆ ಮರ್ದಿತರಿಗೆ ಹೋರಾಟದ ಅನುಮತಿ ಕೊಟ್ಟದ್ದು ಅಲ್‌ಹಜ್ಜ್ ಅಧ್ಯಾಯದ 39 ಮತ್ತು 40ನೇ ವಚನಗಳು. ಆಕ್ರಮಣಕಾರರನ್ನು ತಡೆಯದಿದ್ದರೆ ಸನ್ಯಾಸಿಗಳ ಮಠಗಳು, ಚರ್ಚುಗಳು, ಯಹೂದಿ ಆರಾಧನಾಲಯಗಳು, ಮಸೀದಿಗಳು ಎಲ್ಲವೂ ನಾಶವಾಗುತ್ತಿದ್ದವು ಎಂಬುದು ಅಲ್ಲಿ ಕೊಟ್ಟ ಕಾರಣ. ಅಂದರೆ ರಕ್ಷಣೆಯ ಹೊಣೆಯಲ್ಲಿ ಇತರರ ಆರಾಧನಾಲಯಗಳೂ ಸೇರಿವೆ.

ಕ್ರಿ.ಶ. 625ರ ಉಹುದ್ ಯುದ್ಧದಲ್ಲಿ ಸುಮಾರು 70 ಸಹಾಬಿಗಳು ಹುತಾತ್ಮರಾದರು. ಪ್ರವಾದಿಯವರ ಚಿಕ್ಕಪ್ಪ ಹಂಝ(ರ)ರ ಶವವನ್ನು ಶತ್ರುಗಳು ವಿರೂಪಗೊಳಿಸಿದ್ದರು. ಇದಕ್ಕೆ ಹಲವು ಪಟ್ಟು ಸೇಡು ತೀರಿಸಬೇಕೆಂಬ ಮಾತು ಬಂದಾಗ ಅನ್ನಹ್ಲ್ ಅಧ್ಯಾಯದ 126ನೇ ವಚನ ಅವತೀರ್ಣವಾಯಿತೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಪ್ರತೀಕಾರವು ಆದ ಅನ್ಯಾಯವನ್ನು ಮೀರಬಾರದು, ಸಹನೆ ಅದಕ್ಕಿಂತಲೂ ಉತ್ತಮ ಎಂಬುದು ಅದರ ಆಶಯ. ಶವ ವಿರೂಪವನ್ನು ಪ್ರವಾದಿ(ಸ) ನಿಷೇಧಿಸಿದರು. 630ರಲ್ಲಿ ಮಕ್ಕಾ ಅವರ ಕೈವಶವಾದಾಗ ಸಾರ್ವತ್ರಿಕ ಕ್ಷಮಾದಾನ ನೀಡಿದರು. ಹಂಝರನ್ನು ಕೊಂದ ವಹ್ಶಿಗೂ ಕ್ಷಮೆ ದೊರೆಯಿತು. ಸೇಡು ತೀರಿಸುವ ಪೂರ್ಣ ಶಕ್ತಿಯಿದ್ದ ದಿನ ಕೊಟ್ಟ ಕ್ಷಮೆಯದು.

ನಮ್ಮ ಬೆಂಗಳೂರಿನ ಇತಿಹಾಸದಲ್ಲೂ ಒಂದು ಪಾಠವಿದೆ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆಗೆ ನುಗ್ಗಿತು. ಟಿಪ್ಪು ಸುಲ್ತಾನರ ಕಿಲ್ಲೇದಾರ ವಯೋವೃದ್ಧ ಬಹಾದ್ದೂರ್ ಖಾನ್ ಕೋಟೆ ಬಿಟ್ಟುಕೊಡದೆ ಕಾದಾಡಿ ಮಡಿದರು. ಅವರ ಪಾರ್ಥಿವ ಶರೀರವನ್ನು ಒಪ್ಪಿಸಲು ಕಾರ್ನ್‌ವಾಲಿಸ್ ಮುಂದಾದನೆಂದೂ, ಬಿದ್ದ ನೆಲದಲ್ಲೇ ದಫನವಾಗುವುದು ಅವರಿಗೆ ಗೌರವವೆಂದು ಸುಲ್ತಾನರು ತಿಳಿಸಿದರೆಂದೂ ಇತಿಹಾಸಕಾರರು ಬರೆದಿದ್ದಾರೆ. ಎದುರಾಳಿಯ ಶವಕ್ಕೂ ಮರ್ಯಾದೆಯಿದೆ ಎಂಬುದನ್ನು ಯುದ್ಧದ ನಡುವೆಯೂ ಆ ದಿನ ಮರೆಯಲಿಲ್ಲ.

ಅಶ್ಶೂರಾ ಅಧ್ಯಾಯದ 39ರಿಂದ 43ರವರೆಗಿನ ವಚನಗಳಲ್ಲಿ ಇವೆಲ್ಲದರ ಸಾರವಿದೆ. ದೌರ್ಜನ್ಯವನ್ನು ಎದುರಿಸುವವರ ಮೇಲೆ ದೋಷವಿಲ್ಲ. ಪ್ರತೀಕಾರಕ್ಕೆ ಮಿತಿಯಿದೆ. ಕ್ಷಮಿಸಿ ಸಂಬಂಧ ಸರಿಪಡಿಸುವವನ ಪ್ರತಿಫಲ ಅಲ್ಲಾಹನ ಬಳಿಯಿದೆ. ಕ್ಷಮಿಸುವ ಹಕ್ಕು ನೊಂದವನದು. ಕೊಲೆಯಾದವನ ವಾರಸುದಾರರಿಗೆ ಆ ಹಕ್ಕನ್ನು ಅಲ್‌ಬಕರದ 178ನೇ ವಚನ ಕೊಟ್ಟಿದೆ. ಆದ್ದರಿಂದ ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಗಳಿಗೆ "ಸಬರ್ ಮಾಡು" ಎಂದು ನೆಂಟರು ಬಾಯಿ ಮುಚ್ಚಿಸುವುದು ಕ್ಷಮೆಯ ಬೋಧನೆಯಾಗಲಾರದು; ಮೊದಲು ದೌರ್ಜನ್ಯ ನಿಲ್ಲಬೇಕು.

ನಮ್ಮ ದೇಶದ ಕಾನೂನೂ ಆತ್ಮರಕ್ಷಣೆಯ ಹಕ್ಕನ್ನು ಅಗತ್ಯಕ್ಕೆ ತಕ್ಕಷ್ಟು ಬಲಕ್ಕೆ ಸೀಮಿತಗೊಳಿಸಿದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಅನ್ವಯಿಸದು. ಬಿಳೇಕಹಳ್ಳಿಯ ಗಲ್ಲಿಯಲ್ಲಿ ಗಾಡಿ ನಿಲ್ಲಿಸುವ ಜಗಳಕ್ಕೆ ಯುವಕರು ಗುಂಪು ಕಟ್ಟುವ ಮುನ್ನ ಇದನ್ನು ನೆನೆಯಲಿ. ಆದ ಅನ್ಯಾಯಕ್ಕೆ ಠಾಣೆಯಿದೆ, ನ್ಯಾಯಾಲಯವಿದೆ. ಅಲ್ಲಿ ಗೆದ್ದ ಮೇಲೂ ಕ್ಷಮಿಸಲು ಅವಕಾಶವಿದೆ. ನ್ಯಾಯಕ್ಕಾಗಿ ನಿಲ್ಲುವ ಧೈರ್ಯವನ್ನೂ, ಶಕ್ತಿಯಿದ್ದಾಗ ಕ್ಷಮಿಸುವ ಮನಸ್ಸನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.