ಉದ್ದ ಹಲಗೆಯ ಹಕ್ಕು

ಆಸ್ಟ್ರೇಲಿಯಾದ ನೂಸಾದಲ್ಲಿ ನಡೆಯುವ ಲಾಂಗ್‌ಬೋರ್ಡ್ ಸರ್ಫಿಂಗ್ ಉತ್ಸವವನ್ನು ಬರೀ ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವುದು ಸರಿಯಲ್ಲ. ಹವಾಯಿಯ ಸರ್ಫಿಂಗ್ ಪಟು ಡ್ಯೂಕ್ ಕಹಾನಮೋಕು 1914ರಲ್ಲಿ ಸಿಡ್ನಿಗೆ ಬಂದಾಗ ಪೈನ್ ಮರದಲ್ಲಿ ತಾನೇ ರೂಪಿಸಿದ ಹಲಗೆಯನ್ನು ಫ್ರೆಶ್‌ವಾಟರ್ ತೀರದ ಕ್ಲಬ್ಬು ಜೋಪಾನವಾಗಿ ಕಾಪಾಡಿಕೊಂಡಿದೆ. ಆಸ್ಟ್ರೇಲಿಯಾದಲ್ಲಿ ಸರ್ಫಿಂಗ್ ಬೇರೂರಿದ್ದೇ ಉದ್ದ ಹಲಗೆಯ ಮೇಲೆ. 1960ರ ದಶಕದ ಕೊನೆಯಲ್ಲಿ ಬಂದ ಗಿಡ್ಡ ಹಲಗೆಗಳು ಅದನ್ನು ಮೂಲೆಗೊತ್ತಿದವು.

ಗಿಡ್ಡದ್ದು ಚುರುಕಾಗಿ ತಿರುಗುತ್ತದೆ, ಅದೇ ಪ್ರಗತಿ ಎನ್ನುವವರಿದ್ದಾರೆ. ಕಡಿದಾದ ಅಲೆಗೆ ಆ ಮಾತು ಒಪ್ಪುತ್ತದೆ. ಆದರೆ ನೂಸಾದ ಬಂಡೆಗಳ ಅಂಚಿನಲ್ಲಿ ಅಲೆ ನಿಧಾನವಾಗಿ, ಬಹುದೂರ ಉರುಳುತ್ತದೆ. ಸವಾರ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹಲಗೆಯ ಮೂತಿಯವರೆಗೆ ನಡೆದು, ಕಾಲ್ಬೆರಳುಗಳನ್ನು ಅಂಚಿನಾಚೆ ಚಾಚಿ ನಿಲ್ಲುವುದು ಆ ಉದ್ದದಿಂದಲೇ ಸಾಧ್ಯ. ಹಲಗೆಯ ಅಳತೆಯನ್ನು ನಿರ್ಧರಿಸಬೇಕಾದದ್ದು ಅಲೆಯೇ ಹೊರತು ಫ್ಯಾಷನ್ ಅಲ್ಲ. ಈ ವಿವೇಕವನ್ನು ಉಳಿಸಿಕೊಂಡಿರುವುದರಿಂದಲೇ ಉತ್ಸವಕ್ಕೆ ಬೆಲೆ.