‘ಶೇಷ’ವೋ ‘ಉರ್ಲೆ’ಯೋ: ಐದನೇ ತರಗತಿಯ ಮೌಲ್ಯಾಂಕನ ಅಳೆದದ್ದೇನು?

2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಐದು ಮತ್ತು ಎಂಟನೇ ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯ ವಾರ್ಷಿಕ ಪರೀಕ್ಷೆಯನ್ನು ಗೊತ್ತುಮಾಡಿತು. ಕಡತದಲ್ಲಿ ಅದರ ಹೆಸರು ‘ಮೌಲ್ಯಾಂಕನ’, ಊರವರ ಬಾಯಲ್ಲಿ ‘ಪಬ್ಲಿಕ್ ಪರೀಕ್ಷೆ’. ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಂಥ ಬಹುಭಾಷಾ ಸೀಮೆಯಲ್ಲಿ ಈ ಪತ್ರಿಕೆ ಮಗುವಿನ ಯಾವ ಕಲಿಕೆಯನ್ನು ಅಳೆಯಬಲ್ಲದು ಎಂಬುದಷ್ಟೇ ಈ ಟಿಪ್ಪಣಿಯ ವಿಚಾರ.

ಮೊದಲು ಹಿನ್ನೆಲೆ. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಈ ಪರೀಕ್ಷೆಯ ಸುತ್ತೋಲೆಗಳನ್ನು ರದ್ದುಪಡಿಸಿತು. ಮಾರ್ಚ್ 15ರಂದು ವಿಭಾಗೀಯ ಪೀಠ ಪರೀಕ್ಷೆಗೆ ಒಪ್ಪಿತಾದರೂ ಯಾರನ್ನೂ ಅನುತ್ತೀರ್ಣಗೊಳಿಸಬಾರದು, ಫಲಿತಾಂಶ ಆಯಾ ಶಾಲೆಯನ್ನು ದಾಟಬಾರದು ಎಂದು ಷರತ್ತು ಹಾಕಿತು. ಪರೀಕ್ಷೆ ಮಾರ್ಚ್ 27ರಿಂದ ನಡೆಯಿತು. ಮುಂದಿನ ವರ್ಷ ಒಂಬತ್ತು, ಹನ್ನೊಂದನೇ ತರಗತಿಗಳೂ ಸೇರಿದವು. 2024ರ ಮಾರ್ಚ್ 11ರಂದು ಶುರುವಾದ ಪರೀಕ್ಷೆಗೆ ಮರುದಿನವೇ ಸುಪ್ರೀಂ ಕೋರ್ಟಿನಿಂದ ತಡೆ ಬಿತ್ತು. ಮಾರ್ಚ್ 22ರಂದು ಹೈಕೋರ್ಟ್ ಮತ್ತೆ ದಾರಿ ಬಿಟ್ಟುಕೊಟ್ಟಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶವನ್ನು ತಡೆಹಿಡಿಯಿತು. ಹತ್ತು ವರ್ಷದ ಮಗುವಿನ ವಾರ್ಷಿಕ ಪರೀಕ್ಷೆ ಹೀಗೆ ಒಂದು ತಿಂಗಳೊಳಗೆ ಮೂರು ಸಲ ಮಗುಚಿತು.

ಈ ಸೀಮೆಯಲ್ಲಿ ಶಾಲೆಯ ಕನ್ನಡವೇ ಮನೆಯ ಮಾತೂ ಆಗಿರಬೇಕೆಂದಿಲ್ಲ. ಜೋಯಿಡಾದ ಕುಣಬಿಯರದು ಕೊಂಕಣಿ, ಸಿದ್ದಿಯರ ಮನೆಮಾತಿನಲ್ಲೂ ಕೊಂಕಣಿಯದೇ ಪಾಲು ಹೆಚ್ಚು. ಗೌಳಿಗರದು ಮರಾಠಿಯ ಒಂದು ಬಗೆ. ಹಳಿಯಾಳ, ಜೋಯಿಡಾಗಳಲ್ಲಿ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ.

ನಾನೇ ಹೆಣೆದ ಒಂದು ಲೆಕ್ಕ ನೋಡೋಣ: 53 ಗೆಣಸನ್ನು 6 ಬುಟ್ಟಿಗಳಿಗೆ ಸಮನಾಗಿ ಹಂಚಿದರೆ ಭಾಗಲಬ್ಧವೆಷ್ಟು, ಶೇಷವೆಷ್ಟು? ಗೆಣಸು ಜೋಯಿಡಾದ ಮಗುವಿಗೆ ಹೊಸದಲ್ಲ; ಹಂಚಿ ಎಣಿಸಿದರೆ ಬುಟ್ಟಿಗೆ 8, ಹೊರಗೆ 5. ಉಳಿದದ್ದಕ್ಕೆ ಅದರ ಮನೆಯಲ್ಲಿರುವ ಮಾತು ‘ಉರ್ಲೆ’. ‘ಶೇಷ’ ಎಂಬಲ್ಲಿ ತಡವರಿಸಿ ಅದು ಜಾಗ ಖಾಲಿ ಬಿಟ್ಟರೆ, ಸೊನ್ನೆ ಬೀಳುವುದು ಗಣಿತಕ್ಕೆ. ತರಗತಿಯ ಶಿಕ್ಷಕಿಯಾದರೆ ‘ಎಷ್ಟು ಉಳೀತು?’ ಎಂದು ಕೇಳಿ ಉತ್ತರ ಹೊರಡಿಸುತ್ತಾರೆ. ಮುದ್ರಿತ ಪತ್ರಿಕೆ ಮರುಪ್ರಶ್ನೆ ಹಾಕುವುದಿಲ್ಲ.

ಇನ್ನೊಂದು ಅಂಶ ಶಾಲೆಯ ಗಾತ್ರ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಂದರಿಂದ ಮೂರನೆಯವರೆಗೆ ನಲಿ-ಕಲಿ: ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಇಬ್ಬರೇ ಶಿಕ್ಷಕರಿರುವಲ್ಲಿ ನಾಲ್ಕು, ಐದನೆಯವು ಒಂದೇ ಕೋಣೆಯಲ್ಲಿ. ಏಣಿ ಇಳಿದು ಎರಡೇ ವರ್ಷಕ್ಕೆ ಮಗು ಗಡಿಯಾರದ ಮುಂದೆ ಕೂರಬೇಕಿತ್ತು. ಐದನೆಯವರಿಗೆ ಪತ್ರಿಕೆಯ ತಾಲೀಮು ನಡೆದಷ್ಟು ಹೊತ್ತೂ ನಾಲ್ಕನೆಯವರ ಪಾಠಕ್ಕೆ ಕತ್ತರಿ. ಮೌಲ್ಯಮಾಪನಕ್ಕೆ ಒಬ್ಬರು ಹೊರಟರೆ ಉಳಿದವರ ಕೈಗೆ ಐದೂ ತರಗತಿ.

ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಯ ಮಗು ಎಲ್ಲಿ ಹಿಂದುಳಿದಿದೆ ಎಂದು ಹತ್ತನೆಯಲ್ಲಿ ತಿಳಿಯುವುದಕ್ಕಿಂತ ಐದನೆಯಲ್ಲಿ ತಿಳಿಯುವುದು ಮೇಲು. ಆದರೆ ತಿಳಿದದ್ದು ಕೆಲಸಕ್ಕೆ ಬರಬೇಕಾದರೆ ಅಂಕದ ಪಕ್ಕದಲ್ಲಿ ಮನೆಮಾತನ್ನೂ ದಾಖಲಿಸಬೇಕು. ಗಣಿತದ ಪ್ರಶ್ನೆಯನ್ನು ಓದಿ ಹೇಳುವ ಅವಕಾಶ ಶಿಕ್ಷಕರಿಗಿರಬೇಕು. 2023ರ ಷರತ್ತಿನಂತೆ ಫಲಿತಾಂಶ ಶಾಲೆಯಲ್ಲೇ ಉಳಿಯಬೇಕು. ಇಷ್ಟಿಲ್ಲದೆ ಬಂದ ಅಂಕದಲ್ಲಿ ಭಾಗಾಕಾರ ಎಷ್ಟು, ಭಾಷೆ ಎಷ್ಟು ಎಂದು ಬಿಡಿಸಿ ಹೇಳಲಾಗದು.