ಮಣೆಯಿಂದ ಪರದೆಗೆ: ಚಾಕರಿ ಯಾವುದು, ಆಟ ಯಾವುದು

ಬೋರ್ಡ್ ಆಟವನ್ನು ಕಂಪ್ಯೂಟರಿಗೆ ಇಳಿಸುವುದೆಂದರೆ ಹಾಸಿನ ಚಿತ್ರ ತೆಗೆದು, ಕಾಯಿಗಳಿಗೆ ಬಣ್ಣ ಹಚ್ಚಿ ಪರದೆಯ ಮೇಲೆ ಕೂರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಚಿತ್ರದ ಕೆಲಸ ಇದರಲ್ಲಿ ತೀರಾ ಸುಲಭದ ಪಾಲು. ತೊಡಕೆಲ್ಲ ಇರುವುದು ಆಡುವವರು ಕೈಯಾರೆ, ಬಾಯಾರೆ ಮಾಡುವ ಕೆಲಸಗಳಲ್ಲಿ: ಎಲೆ ಕಲೆಸಿ ಹಂಚುವುದು, ಕಾಳು ಎಣಿಸುವುದು, ಎದುರಾಳಿ ಏನು ಆಡಿದನೆಂದು ನೆನಪಿಟ್ಟುಕೊಳ್ಳುವುದು, ಲೆಕ್ಕ ತಪ್ಪಿದರೆ ತಿದ್ದುವುದು, ಚೌಕಾಸಿ ಮಾಡುವುದು. ಇವುಗಳಲ್ಲಿ ಕೆಲವು ಬರೀ ಚಾಕರಿ. ಯಂತ್ರ ವಹಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಇನ್ನು ಕೆಲವು ಆಟದ ಜೀವ. ಅವನ್ನು ಕಿತ್ತರೆ ಹೆಸರು ಉಳಿದು ಆಟ ಹೋಗುತ್ತದೆ. ವರ್ಚುವಲ್ ಟೇಬಲ್‌ಟಾಪ್ ಎಂದು ಕರೆಯುವ ಈ ಪರದೆಯ ಮೇಜಿನ ಚರಿತ್ರೆಯನ್ನು ನೋಡಿದರೆ, ಇವೆರಡರ ನಡುವಿನ ಗೆರೆ ಎಲ್ಲ ಆಟಗಳಿಗೂ ಒಂದೇ ಜಾಗದಲ್ಲಿ ಬೀಳುವುದಿಲ್ಲ ಎಂಬುದು ಸ್ಪಷ್ಟ. ಒಂದೊಂದು ಆಟಕ್ಕೂ ಅದನ್ನು ಹೊಸದಾಗಿ ಹುಡುಕಬೇಕು ಎಂಬುದು ನನ್ನ ವಾದ.

ದೂರದಲ್ಲಿರುವವರು ಒಂದೇ ಆಟ ಆಡುವ ಆಸೆ ಕಂಪ್ಯೂಟರಿಗಿಂತ ಹಳೆಯದು. ಅಂಚೆ ಕಾರ್ಡಿನ ಮೇಲೆ ಚದುರಂಗ ನಡೆಯುತ್ತಿತ್ತು. ಅದು ಸಾಧ್ಯವಾದದ್ದು ಚದುರಂಗದಲ್ಲಿ ಗುಟ್ಟೂ ಇಲ್ಲ, ದಾಳವೂ ಇಲ್ಲ ಎಂಬ ಕಾರಣಕ್ಕೆ. ಇಬ್ಬರ ಮುಂದೆಯೂ ಎಲ್ಲ ಕಾಯಿಗಳೂ ತೆರೆದಿರುತ್ತವೆ, ನಡೆಯನ್ನು ನಾಲ್ಕಕ್ಷರದಲ್ಲಿ ಬರೆದುಬಿಡಬಹುದು. 1985ರಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿ ಹೊರತಂದ ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್ ಎಂಬ ಯುದ್ಧದಾಟಕ್ಕೆ ಈ ಉಪಾಯ ಸಾಲದು. ಷಟ್ಕೋನದ ಮನೆಗಳಿರುವ ನಕ್ಷೆ, ರಾಶಿ ರಾಶಿ ರಟ್ಟಿನ ಬಿಲ್ಲೆಗಳು, ತುಕಡಿಯನ್ನು ಮುಚ್ಚಿಡಲು ಪ್ರಶ್ನಾರ್ಥಕ ಚಿಹ್ನೆಯ ಬಿಲ್ಲೆ, ಹೆಜ್ಜೆ ಹೆಜ್ಜೆಗೂ ಎರಡು ದಾಳ. ನಿಯಮಗಳ ಪುಸ್ತಕವೋ ಒಂದು ಕಾಯಿದೆ ಸಂಹಿತೆಯಷ್ಟು ದಪ್ಪ. ಇಂಥದನ್ನು ಆಡಬಲ್ಲ ಜೊತೆಗಾರ ಪಕ್ಕದ ಬೀದಿಯಲ್ಲಿ ಸಿಗುವುದು ಅಪರೂಪ. ಹಾಗಾಗಿ ರಾಡ್ನಿ ಕಿನ್ನಿ ಎಂಬ ಪ್ರೋಗ್ರಾಮರ್ 1990ರ ದಶಕದ ಕೊನೆಯ ಹೊತ್ತಿಗೆ ಜಾವಾ ಭಾಷೆಯಲ್ಲಿ ಈ ಆಟಕ್ಕೆಂದೇ ವಿಎಎಸ್‌ಎಲ್ ಎಂಬ ತಂತ್ರಾಂಶ ಬರೆದರು. ಅದೇ ಬೆಳೆದು, ಯಾವ ಆಟವನ್ನಾದರೂ ಜೋಡಿಸಿಕೊಳ್ಳಬಹುದಾದ ವ್ಯಾಸಲ್ ಆಯಿತು. ಅದರ ಜಾಣತನವೆಂದರೆ ನಿಯಮಗಳಿಗೆ ಕೈ ಹಾಕದೇ ಇದ್ದದ್ದು. ಬಿಲ್ಲೆ ಎಲ್ಲಿಂದ ಎಲ್ಲಿಗೆ ಹೋಯಿತು, ದಾಳದಲ್ಲಿ ಏನು ಬಿತ್ತು ಎಂಬುದನ್ನು ಇಬ್ಬರಿಗೂ ಕಾಣುವಂತೆ ಬರೆದಿಡುತ್ತದೆ; ಮುಚ್ಚಿಟ್ಟದ್ದನ್ನು ಮುಚ್ಚಿಯೇ ಇಡುತ್ತದೆ. ನಡೆ ಸರಿಯೋ ತಪ್ಪೋ ಎಂಬುದು ಆಡುವವರಿಗೆ ಬಿಟ್ಟದ್ದು. ದಾಖಲೆ ಮತ್ತು ಗುಟ್ಟು, ಎಂದರೆ ದೂರದಲ್ಲಿರುವವರ ನಡುವೆ ನಂಬಿಕೆ ಹುಟ್ಟಲು ಬೇಕಾದಷ್ಟನ್ನೇ ಯಂತ್ರಕ್ಕೆ ಕೊಟ್ಟು, ಉಳಿದದ್ದನ್ನು ಮನುಷ್ಯರಿಗೆ ಉಳಿಸಿದ ಈ ಮೊದಲ ಹಂಚಿಕೆ ಇವತ್ತಿಗೂ ಮಾದರಿಯಾಗಬಲ್ಲದು.

ಆಮೇಲೆ ದಾರಿ ಎರಡಾಯಿತು. ಜರ್ಮನಿಯ ಬ್ರೆಟ್‌ಷ್ಪೀಲ್‌ವೆಲ್ಟ್, 2010ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ 2021ರಲ್ಲಿ ಅಸ್ಮೋದೆ ಸಂಸ್ಥೆಯ ಪಾಲಾದ ಬೋರ್ಡ್ ಗೇಮ್ ಅರೀನಾ, ಈ ಜಾಲತಾಣಗಳು ನಿಯಮಗಳನ್ನೆಲ್ಲ ಯಂತ್ರದೊಳಗೇ ಬರೆದವು. ಸಲ್ಲದ ನಡೆ ಅಲ್ಲಿ ಸಾಧ್ಯವೇ ಇಲ್ಲ, ಅಂಕ ತಾನಾಗಿ ಕೂಡಿಕೊಳ್ಳುತ್ತದೆ. 2015ರಲ್ಲಿ ಪೂರ್ಣ ರೂಪದಲ್ಲಿ ಬಂದ ಬರ್ಸರ್ಕ್ ಗೇಮ್ಸ್‌ನ ಟೇಬಲ್‌ಟಾಪ್ ಸಿಮ್ಯುಲೇಟರ್ ಇನ್ನೊಂದು ತುದಿಗೆ ಹೋಯಿತು. ಅಲ್ಲಿ ಕಾರ್ಡಿಗೆ ದಪ್ಪವಿದೆ, ದಾಳಕ್ಕೆ ತೂಕವಿದೆ, ಸಿಟ್ಟು ಬಂದರೆ ಮೇಜನ್ನೇ ಉರುಳಿಸುವ ಸೌಕರ್ಯವೂ ಇದೆ; ನಿಯಮ ಮಾತ್ರ ಒಂದೂ ಇಲ್ಲ. ಆದರೆ ಬೆರಳು ಕ್ಷಣದಲ್ಲಿ ಮಾಡುವ ಕಾರ್ಡು ಜೋಡಣೆಗೆ ಅಲ್ಲಿ ಮೌಸ್ ಎಳೆದಾಡಬೇಕು. ಈ ಬೇಸರವೇ ಮುಂದಿನ ಹೆಜ್ಜೆಗೆ ಕಾರಣ. ಸಿಮ್ಯುಲೇಟರಿನೊಳಗೆ ಲೂವಾ ಭಾಷೆಯಲ್ಲಿ ಆದೇಶ ಬರೆಯುವ ಅವಕಾಶ ಸಿಕ್ಕಾಗ, ಹವ್ಯಾಸಿಗಳು ಅನೇಕ ಆಟಗಳಿಗೆ ಬರೆದದ್ದು ಆಟ ಹೂಡುವ ಗುಂಡಿಗಳನ್ನು: ಒತ್ತಿದರೆ ಹಾಸು ಹರಡಿ, ಕಾರ್ಡು ಕಲೆಸಿ, ಎಲ್ಲರ ಪಾಲು ಹಂಚಿಬಿಡುತ್ತದೆ. ಹೂಡುವುದು ಚಾಕರಿ ಎಂದು ಆಡುವವರೇ ತೀರ್ಮಾನಿಸಿದ್ದರು.

ಎಲ್ಲ ಕೆಲಸವೂ ಹೀಗೆ ಸಲೀಸಾಗಿ ಬೇರ್ಪಡುವುದಿಲ್ಲ. ಆಂಟ್ವಾನ್ ಬೋಝಾ ರಚಿಸಿದ, 2013ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆದ ಹನಬಿಯನ್ನು ನೋಡಿ. ಅದರಲ್ಲಿ ಕಾರ್ಡುಗಳನ್ನು ಹೊರಮುಖವಾಗಿ ಹಿಡಿಯಬೇಕು. ನನ್ನ ಕಾರ್ಡು ಎಲ್ಲರಿಗೂ ಕಾಣುತ್ತದೆ, ನನಗೊಬ್ಬನಿಗೆ ಕಾಣುವುದಿಲ್ಲ. ಜೊತೆಯವರು ಕೊಟ್ಟ ಸುಳಿವುಗಳನ್ನು ತಲೆಯಲ್ಲಿಟ್ಟುಕೊಂಡೇ ಆಡಬೇಕು. ಪರದೆಯ ಮೇಲೆ ಆ ಸುಳಿವು ಕಾರ್ಡಿನ ಬೆನ್ನಿಗೇ ಅಂಟಿಕೊಂಡು ನಿಂತರೆ ಮರೆವಿನ ಭಯ ಹೋಗುತ್ತದೆ, ತರ್ಕವಷ್ಟೇ ಉಳಿಯುತ್ತದೆ. ಅದೂ ಒಳ್ಳೆಯ ಆಟವೇ, ಆದರೆ ಬೇರೆ ಆಟ. ಕ್ಲೌಸ್ ಟೊಯ್ಬರ್ 1995ರಲ್ಲಿ ಕೊಟ್ಟ ಕಟಾನ್‌ನಲ್ಲಿ ಒಂದು ಇಟ್ಟಿಗೆಗೆ ಎರಡು ಕುರಿ ಕೇಳುವ ಚೌಕಾಸಿಯೇ ರಸ. ಅದು ಗುಂಡಿ ಒತ್ತಿ ಒಪ್ಪುವ, ತಿರಸ್ಕರಿಸುವ ವ್ಯವಹಾರವಾದಾಗ ಪುಸಲಾಯಿಸುವುದಕ್ಕೂ ಹುಸಿ ಬೆದರಿಕೆಗೂ ಎಡೆಯೇ ಇರುವುದಿಲ್ಲ.

ನಮ್ಮ ಮನೆಯಾಟಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸಿದರೆ ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಬಾರ, ಎಂದರೆ ಎಂಟು. ಎರಡಕ್ಕೂ ಇನ್ನೊಮ್ಮೆ ಹಾಕುವ ಹಕ್ಕು ಸಿಗುತ್ತದೆ. ಪ್ರತಿ ಕವಡೆಯೂ ಎರಡು ಕಡೆಗೂ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಹದಿನಾರು ಸಾಧ್ಯತೆಗಳಲ್ಲಿ ಎರಡು ಆರಕ್ಕೆ, ಒಂದು ಮತ್ತು ಮೂರು ನಾಲ್ಕು ನಾಲ್ಕಕ್ಕೆ, ಚೌಕ ಒಂದಕ್ಕೆ, ಬಾರ ಒಂದಕ್ಕೆ. ಇದನ್ನು ಗಮನಿಸದ ಪ್ರೋಗ್ರಾಮರ್ 1, 2, 3, 4, 8 ಎಂಬ ಐದು ಅಂಕಿಗಳಲ್ಲಿ ಒಂದನ್ನು ಸುಮ್ಮನೆ ಆರಿಸು ಎಂದು ಬರೆದನೆನ್ನಿ. ಎಂಟಕ್ಕೆ ಒಂದರಂತೆ ಬೀಳುತ್ತಿದ್ದ ಚೌಕ-ಬಾರಗಳು ಐದಕ್ಕೆ ಎರಡರಂತೆ ಬೀಳುತ್ತವೆ, ಮೂರು ಪಟ್ಟಿಗೂ ಹೆಚ್ಚು. ಮರು ಅವಕಾಶದ ಮೇಲೆ ಮರು ಅವಕಾಶ ಬಂದು ಕಾಯಿಗಳು ಓಡತೊಡಗುತ್ತವೆ. ಕಾದು ಕೂತು ಎದುರಾಳಿಯ ಕಾಯಿ ಹೊಡೆಯುವ ಲೆಕ್ಕಾಚಾರ ಬುಡಮೇಲಾಗುತ್ತದೆ. ಕಣ್ಣಿಗೆ ಕಾಣುವುದೆಲ್ಲ ಚೌಕಾಬಾರವೇ, ಒಳಗಿನದು ಅಲ್ಲ. ಅಳಗುಳಿ ಮನೆಯ ಕಥೆಯೂ ಹೀಗೆಯೇ. ಯಾವ ಗುಳಿಯಿಂದ ಎತ್ತಿ ಬಿತ್ತುತ್ತಾ ಹೋದರೆ ಎಲ್ಲಿ ಮುಗಿಯುತ್ತದೆಂಬುದನ್ನು ಕಣ್ಣಂದಾಜಿನಲ್ಲಿ ಅಳೆಯುವುದೇ ಆ ಆಟದ ಕಸುಬು. ಪ್ರತಿ ಗುಳಿಯ ಮೇಲೂ ಕಾಳಿನ ಸಂಖ್ಯೆ ತೋರಿಸಿದ ಕೂಡಲೇ ಅದು ಕೂಡುವ ಲೆಕ್ಕವಾಗುತ್ತದೆ.

ಇದೆಲ್ಲ ಹಳೆಯದರ ಮೇಲಿನ ಮೋಹ ಎಂಬ ಆಕ್ಷೇಪ ಬರುತ್ತದೆ. ನಿಯಮ ಕಾಯುವ ಯಂತ್ರ ಇಲ್ಲದಿದ್ದರೆ ಹೊಸಬರು ದಪ್ಪ ಪುಸ್ತಕ ನೋಡಿಯೇ ಓಡಿಹೋಗುತ್ತಾರೆ, ಕಣ್ಣು ಮಂದವಾದವರಿಗೆ ಗುಳಿಯ ಮೇಲಿನ ಅಂಕಿ ವರವೇ ಎನ್ನುತ್ತಾರೆ. ಎರಡೂ ನಿಜ. ಬೋರ್ಡ್ ಗೇಮ್ ಅರೀನಾದಿಂದಾಗಿಯೇ ಎಷ್ಟೋ ಜನ ಬೋರ್ಡ್ ಆಟಗಳಿಗೆ ಬಂದರು. ಆದರೆ ಅಂಕಿ ತೋರಿಸುವುದನ್ನು ಬೇಕಾದವರು ಆನ್ ಮಾಡಿಕೊಳ್ಳುವಂತೆ ಇಟ್ಟರೆ ಸಾಕು. ಎಲ್ಲರ ಮೇಲೂ ಹೇರಬೇಕಿಲ್ಲ. ರೂಪಾಂತರ ಪ್ರಕಾಶಕರ ಹೊಟ್ಟೆಗೆ ಹೊಡೆಯುತ್ತದೆಂಬುದು ಇನ್ನೊಂದು ದೂರು. ಸ್ಕ್ರ್ಯಾಬಲ್ ಎಂಬ ಪದದಾಟವನ್ನು ಹೋಲುವ, ಕೋಲ್ಕತ್ತದ ಅಗರ್‌ವಾಲಾ ಸಹೋದರರ ಸ್ಕ್ರಾಬ್ಯುಲಸ್ ಫೇಸ್‌ಬುಕ್‌ನಲ್ಲಿ ಹೆಸರು ಮಾಡಿದಾಗ ಸ್ಕ್ರ್ಯಾಬಲ್‌ನ ಹಕ್ಕುದಾರ ಕಂಪನಿ ಮ್ಯಾಟೆಲ್ ದೆಹಲಿ ಹೈಕೋರ್ಟಿಗೆ ಹೋಯಿತು. 2008ರಲ್ಲಿ ನ್ಯಾಯಾಲಯ ಆ ಹೆಸರನ್ನು ಬಳಸದಂತೆ ತಡೆದರೂ, ಆಟದ ಹಾಸಿನ ಮೇಲೆ ಹಕ್ಕುಸ್ವಾಮ್ಯವಿದೆಯೆಂಬ ವಾದದ ಮೇಲೆ ತಡೆ ಕೊಡಲಿಲ್ಲ. ಆಟ ಲೆಕ್ಸುಲಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಹೆಸರಿಗೂ ಚಿತ್ರಕ್ಕೂ ಒಡೆಯರಿದ್ದಾರೆ, ಆಡುವ ಬಗೆಗೆ ಕಾನೂನಿನ ಕಾವಲು ತೀರಾ ತೆಳು. ಅದನ್ನು ಕಾಯುವ ಹೊಣೆ ರೂಪಾಂತರ ಮಾಡುವವರದೇ.

2020ರಲ್ಲಿ ಕೋವಿಡ್‌ನಿಂದಾಗಿ ಜರ್ಮನಿಯ ಎಸ್ಸೆನ್ ನಗರದ ಷ್ಪೀಲ್ ಎಂಬ ಬೋರ್ಡ್ ಆಟಗಳ ಮೇಳವೇ ಆನ್‌ಲೈನಿಗೆ ಹೋಯಿತು. ಆಟ ರಚಿಸುವವರು ರಟ್ಟು ಕತ್ತರಿಸುವ ಮೊದಲೇ ಪರದೆಯ ಮೇಜಿನಲ್ಲಿ ಕರಡು ಆಟವನ್ನು ಪರೀಕ್ಷಿಸುವುದು ರೂಢಿಗೆ ಬಂತು. ನಮ್ಮಲ್ಲಿ ಅದೇ ಹೊತ್ತಿಗೆ ಲೂಡೊ ಕಿಂಗ್ ಮನೆಮನೆಯ ಮೊಬೈಲಿಗೆ ಹೊಕ್ಕಿತು. ಲೂಡೊ ಎಂಬುದೇ ಪಚೀಸಿಯಿಂದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಆ ರೂಪಾಂತರದಲ್ಲಿ ಕವಡೆ ಹೋಗಿ ಒಂಟಿ ದಾಳ ಬಂದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳನ್ನು ದಾಖಲಿಸಿದ ನಾಡಿದು, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಾಸುಮಣೆಗಳನ್ನು ಮತ್ತೆ ಮಾಡಿಸಿ ಪ್ರದರ್ಶಿಸುತ್ತಿರುವ ನಾಡೂ ಹೌದು. ಇಂಥ ನಾಡಿನಲ್ಲೂ ಆಟಕ್ಕೆ ಒಂದೇ ರೂಪವಿಲ್ಲ: ಚೌಕಾಬಾರ ಕೆಲವೆಡೆ ಐದೈದು ಮನೆಯದು, ಕೆಲವೆಡೆ ಏಳೇಳರದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಾರದೆಂಬ ಕಟ್ಟು ಕೆಲವರಲ್ಲುಂಟು, ಕೆಲವರಲ್ಲಿಲ್ಲ. ನಿಯಮ ಹೇರುವ ಆ್ಯಪ್ ಇವುಗಳಲ್ಲಿ ಒಂದನ್ನೇ ಆರಿಸಿಕೊಂಡರೆ, ವಿದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವಿಗೆ ಅದೊಂದೇ ಚೌಕಾಬಾರವಾಗುತ್ತದೆ. ಆಟ ಶುರುವಾಗುವ ಮುನ್ನ ಮನೆಗಳೆಷ್ಟು, ಹೊಡೆಯದೆ ಒಳಗೆ ಬಿಡಬೇಕೇ ಎಂದು ಆಡುವವರನ್ನೇ ಕೇಳುವ ಒಂದು ಪುಟ ಸೇರಿಸುವುದು ಪ್ರೋಗ್ರಾಮರ್‌ಗೆ ದೊಡ್ಡ ಕೆಲಸವೇನಲ್ಲ. ಗರವನ್ನು ನಾಲ್ಕು ಕವಡೆಗಳಿಂದಲೇ ಎಣಿಸಿ ತೆಗೆಯುವುದಂತೂ ಕೆಲವೇ ಸಾಲುಗಳ ಕೆಲಸ.